ಎಲೆ ನೋಯದಂತೆ ಒಗೆದ ಚೆಂಡು

ಆರು ವರ್ಷ ಬಿಡದೆ ಸೋಲುವುದು ಸಾಮಾನ್ಯ ಕೆಲಸವಲ್ಲ. ಮೊದಲ ವರ್ಷ ಸೋತರೆ ಊರವರು ಸಮಾಧಾನ ಹೇಳುತ್ತಾರೆ. ಎರಡನೆಯ ವರ್ಷ ಬೈಯುತ್ತಾರೆ. ಮೂರನೆಯ ವರ್ಷದಿಂದ ನಗಲು ಶುರು ಮಾಡುತ್ತಾರೆ. ಆರನೆಯ ವರ್ಷದ ಹೊತ್ತಿಗೆ ಎದುರಾಳಿಗಳು ನಿಮ್ಮ ಮೇಲೆ ಪ್ರೀತಿ ಬೆಳೆಸಿಕೊಂಡು, ಪಂದ್ಯ ಶುರುವಾಗುವ ಮೊದಲೇ ಚಹಾ ಕುಡಿಸುತ್ತಾರೆ. ಸವಣೂರಿನಲ್ಲಿ ಡ್ರಿಲ್ ಮಾಸ್ತರನಾಗಿದ್ದ ನಾನು ಈ ಎಲ್ಲ ಚಹಾ ಕುಡಿದವನು. ಆಮೇಲೆ ಏಳನೆಯ ವರ್ಷ ಬಂತು. ಅದನ್ನು ನೆನೆಸಿಕೊಂಡರೆ ಈಗಲೂ ನನಗೆ ಕೂತಲ್ಲಿ ಕೂರಲು ಆಗುವುದಿಲ್ಲ. ಮಂಡಿ ನೋವಿದೆ, ಎದ್ದು ಓಡಾಡಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ಅದಕ್ಕೇ ಬರೆಯಲು ಕೂತಿದ್ದೇನೆ.

ಬರೆಯಲು ಇನ್ನೊಂದು ಕಾರಣವೂ ಇದೆ. ಹೋದ ವಾರ ಹೊಸದಾಗಿ ನೇಮಕವಾದ ಇಬ್ಬರು ದೈಹಿಕ ಶಿಕ್ಷಕರು ಮನೆಗೆ ಬಂದಿದ್ದರು. ಚುರುಮುರಿ ತಿನ್ನುತ್ತಾ ಅವರಲ್ಲೊಬ್ಬ ಕೇಳಿದ: "ಸರ್, ನಿಮಗ ಬಡ್ತಿ ಯಾವಾಗ ಸಿಕ್ತ್ರಿ?" ಬಡ್ತಿ ಸಿಕ್ಕಿತು, ಬದಲಿಯಾಯಿತು, ಹಾರ ಹಾಕಿ ಮನೆಗೂ ಕಳಿಸಿದರು. ಅದರಲ್ಲಿ ಹೇಳುವಂಥದ್ದು ಏನಿದೆ? ಅವರು ಕೇಳಬೇಕಾಗಿದ್ದದ್ದು ಬೇರೆ. ಪುಸ್ತಕ ಓದಿದ ಮಾಸ್ತರನೊಬ್ಬ ಬಸ್ ಸ್ಟ್ಯಾಂಡಿನ ಹಮಾಲನಿಂದ ಏನು ಕಲಿತ, ಎಷ್ಟು ತಡವಾಗಿ ಕಲಿತ ಎಂಬುದನ್ನು. ಅವರು ಕೇಳಲಿಲ್ಲ. ನಾನೇ ಹೇಳುತ್ತೇನೆ.

ಐವತ್ತರ ದಶಕದ ನಡುವಿನ ಮಾತು. ತರಬೇತಿ ಮುಗಿಸಿದ ನಾನು ಒಂದು ಬಾಸ್ಕೆಟ್‌ಬಾಲ್ ಚೆಂಡು, ಚಿತ್ರಗಳಿದ್ದ ಒಂದು ದಪ್ಪ ಪುಸ್ತಕ, ಒಂದು ಸೀಟಿ, ಇಷ್ಟು ಆಸ್ತಿಯೊಂದಿಗೆ ಸವಣೂರಿಗೆ ಬರುತ್ತಿದ್ದೆ. ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತ ಅಜ್ಜಿ ನನ್ನ ತೊಡೆಯ ಮೇಲಿದ್ದ ಚೆಂಡನ್ನು ಬೆರಳಿನಿಂದ ತಟ್ಟಿ ನೋಡಿದಳು.

"ಯಾವೂರ ಕುಂಬಳಕಾಯೋ ತಮ್ಮಾ ಇದು? ತೊಗಟಿ ಭಾಳ ಬಿರುಸೈತಿ."

"ಕುಂಬಳಕಾಯಿ ಅಲ್ಲಬೇ, ಆಟದ ಚೆಂಡು."

"ಇಷ್ಟ ದೊಡ್ಡದನ್ನ ಯಾರ್ ಆಡ್ತಾರಪಾ? ನಿನಗ ಮದುವಿ ಆಗೇತೋ ಇಲ್ಲೋ?"

ಮದುವೆಯಾಗಿರಲಿಲ್ಲ. ಚೆಂಡೊಂದೇ ಇತ್ತು.

ನಮ್ಮ ಹೈಸ್ಕೂಲಿನ ಹೆಡ್‌ಮಾಸ್ತರರನ್ನು ಎಲ್ಲರೂ ಆಚಾರ್ಯರು ಎಂದೇ ಕರೆಯುತ್ತಿದ್ದರು. ಮಡಿವಂತರು, ಶಿಸ್ತಿನವರು, ಕೈಯಲ್ಲಿ ಸದಾ ಕಪ್ಪು ಕೊಡೆ. ಅವರ ಮೇಜಿನ ಮೇಲೆ ನಾನು ಹೆಮ್ಮೆಯಿಂದ ಚೆಂಡು ಇಟ್ಟಾಗ ಅವರು ಕುರ್ಚಿಯನ್ನು ಎರಡು ಗೇಣು ಹಿಂದಕ್ಕೆ ಸರಿಸಿಕೊಂಡರು.

"ಇದು ತೊಗಲಿಂದೇನ್ರಿ?"

"ಹೌದ್ರಿ ಸರ್."

"ಹಂಗಿದ್ರ ಮೊದಲ ತೆಗೀರಿ. ಶಾಲಿ ಮೈದಾನ ಲೇಜಿಮ್ಮಿಗೆ ಅದ, ಕಬಡ್ಡಿಗೆ ಅದ. ಇದಕ್ಕ ಬ್ಯಾರೆ ಜಾಗಾ ನೋಡ್ಕೋರಿ. ಶಾಲಿ ಬಿಟ್ಟ ಮ್ಯಾಲೆ ಊರವರನ್ನ ಕಟ್ಟಿಕೊಂಡು ಏನ್ ಬೇಕಾದ್ ಆಡ್ರಿ."

ಹಾಗಾಗಿ ನನ್ನ ತಂಡ ಶಾಲೆಯದಾಗಲಿಲ್ಲ, ಊರಿನದಾಯಿತು. ಜಾಗ ಕೊಟ್ಟವರು ಬಸಲಿಂಗಪ್ಪ ಸಾವ್ಕಾರರು. ಊರ ಸುತ್ತ ಅವರ ಎಲೆಬಳ್ಳಿ ತೋಟಗಳಿದ್ದವು. ಬಸ್ ಸ್ಟ್ಯಾಂಡಿಗೆ ಅಂಟಿಕೊಂಡೇ ಅವರದೊಂದು ಖಾಲಿ ಬಯಲಿತ್ತು. "ಅಲ್ಲಿ ಕಣಿಕಿ ಬಣವಿ ಒಟ್ಟಬೇಕಂತ ಮಾಡಿದ್ದೆ. ಇರ್ಲಿ, ಆಡ್ರಿ. ಬಣವಿ ಎಲ್ಲಿ ಓಡಿಹೋಗ್ತೈತಿ," ಎಂದರು. ಆ ಮೇವಿನ ಬಣವೆ ಮುಂದೆ ಆರು ವರ್ಷ ನನ್ನ ಕನಸಿನಲ್ಲಿ ಬರುತ್ತದೆಂದು ಆಗ ಗೊತ್ತಿರಲಿಲ್ಲ.

ಎರಡು ಕಂಬ ನೆಟ್ಟೆವು. ಹಲಗೆಯನ್ನು ಬಡಿಗೇರ ಮಾಡಿದ, ಕಬ್ಬಿಣದ ರಿಂಗುಗಳನ್ನು ಕಂಬಾರ ಗಾಡಿಯ ಗಾಲಿಯ ಪಟ್ಟಿಯಿಂದ ಬಗ್ಗಿಸಿಕೊಟ್ಟ. ಬಲೆ ಎಲ್ಲಿಂದ ತರುವುದು? ಎತ್ತಿನ ಬಾಯಿಗೆ ಕಟ್ಟುವ ಹಗ್ಗದ ಬಲೆಯನ್ನೇ ರಿಂಗಿಗೆ ಕಟ್ಟಿದೆವು. ಊರಿನ ಮೊದಲ ಚೆಂಡು ರಿಂಗಿನೊಳಗೆ ಬಿದ್ದಾಗ ಜನ ಚಪ್ಪಾಳೆ ಹೊಡೆದರು, ಸೀಟಿ ಹೊಡೆದರು. ಚೆಂಡು ಮಾತ್ರ ಕೆಳಗೆ ಬರಲೇ ಇಲ್ಲ. ಎತ್ತಿನ ಬಾಯಿಬಲೆಗೆ ತಳ ಇರುತ್ತದೆ ಎಂಬುದು ಒಕ್ಕಲಿಗರ ಮನೆಯಲ್ಲಿ ಹುಟ್ಟಿದ ನನಗೆ ಹೊಳೆದಿರಲಿಲ್ಲ. ಏಣಿ ತಂದು ಚೆಂಡು ಇಳಿಸಿದೆವು. ಇದು ನನ್ನ ಮೊದಲ ತಪ್ಪು. ಸಣ್ಣದು, ಹಾಗಾಗಿ ಸಂತೋಷದಿಂದ ಒಪ್ಪಿಕೊಳ್ಳುತ್ತೇನೆ.

ತಂಡದ ನಾಯಕ ಶಂಕ್ರಪ್ಪ. ಕಡಲೆಹಿಟ್ಟಿನ ಖಾರ ಕರಿದು ಮಾರುವವನು. ಸಂಜೆ ಬಾಣಲೆ ಇಳಿಸಿ ನೇರ ಮೈದಾನಕ್ಕೆ ಬರುತ್ತಿದ್ದ. ಕೈಯೆಲ್ಲ ಎಣ್ಣೆ. ಅವನು ಚೆಂಡು ಹಿಡಿದರೆ ಅದು ಮೀನಿನಂತೆ ಜಾರಿ ಹೋಗುತ್ತಿತ್ತು. ಕೊನೆಗೆ ಅವನೇ ಉಪಾಯ ಹುಡುಕಿದ. ಅಂಗಡಿಯಿಂದ ಒಂದು ಪೊಟ್ಟಣ ಕಡಲೆಹಿಟ್ಟು ತಂದು ಆಟಕ್ಕೆ ಮುಂಚೆ ಅಂಗೈಗೆ ಒರೆಸಿಕೊಳ್ಳುತ್ತಿದ್ದ. ಹಿಡಿತವೇನೋ ಬಂತು, ಆದರೆ ಅರ್ಧ ಆಟ ಆಗುವುದರೊಳಗೆ ಚೆಂಡು ಹಳದಿ. ಶಿಗ್ಗಾವಿಯ ರೆಫರಿ ಒಮ್ಮೆ ಚೆಂಡು ಎತ್ತಿ ಮೂಸಿ ನೋಡಿ, "ಏನ್ರೀ, ಇದನ್ನ ಅದ್ದಿ ಭಜಿ ಕರಿಯೋರಿದ್ದೀರೇನು?" ಎಂದು ಕೇಳಿದ್ದ. ಇವನ ಜೊತೆಗೆ ಎಲೆ ತೋಟದ ಅಣ್ಣತಮ್ಮಂದಿರಿಬ್ಬರು, ಒಬ್ಬ ದರ್ಜಿ, ಒಬ್ಬ ಪ್ರಾಥಮಿಕ ಶಾಲೆಯ ಮಾಸ್ತರ. ಇವರು ಐವರು.

ಆರನೆಯವನು ಮೌಲಾಸಾಬ. ಬಸ್ ಸ್ಟ್ಯಾಂಡಿನಲ್ಲಿ ಹಮಾಲಿ ಮಾಡುತ್ತಿದ್ದ. ಗಿಡ್ಡ ಆಳು, ಅಗಲ ಭುಜ, ಮಾತು ಕಡಿಮೆ. ಅವನ ಕೆಲಸವೆಂದರೆ ಬಾಳೆಎಲೆಯಲ್ಲಿ ಸುತ್ತಿದ ವೀಳ್ಯದೆಲೆಯ ಕಟ್ಟುಗಳನ್ನು ನೆಲದಿಂದ ಬಸ್ಸಿನ ಮೇಲಕ್ಕೆ ಎಸೆಯುವುದು. ಮೇಲೆ ಅವನ ಜೊತೆಗಾರ ಹನುಮಂತ ನಿಂತು ಹಿಡಿದು ಜೋಡಿಸುತ್ತಿದ್ದ. ಆ ಎಲೆ ಹುಬ್ಬಳ್ಳಿಗೆ, ಅಲ್ಲಿಂದ ಮುಂದೆ ಎಲ್ಲೆಲ್ಲಿಗೋ ಹೋಗುತ್ತಿತ್ತು.

ಮೊದಲ ದಿನ ಮೌಲಾಸಾಬ ಚೆಂಡನ್ನು ಎರಡೂ ಕೈಯಲ್ಲಿ ಹಿಡಿದು, ಮೊಣಕಾಲುಗಳ ನಡುವೆ ಇಳಿಸಿ, ಕೆಳಗಿನಿಂದ ಮೇಲಕ್ಕೆ ತೂರಿದ. ಚೆಂಡು ರಿಂಗಿನೊಳಗೆ ಬಿತ್ತು. ನಾನು ಸೀಟಿ ಊದಿದೆ. ನನ್ನ ಪುಸ್ತಕದಲ್ಲಿ ಚೆಂಡನ್ನು ಎದೆಯ ಮುಂದೆ ಹಿಡಿದು ನೂಕುವ ಚಿತ್ರವಿತ್ತು, ತಲೆಯ ಮೇಲಿಂದ ಎಸೆಯುವ ಚಿತ್ರವಿತ್ತು. ಮೊಣಕಾಲ ನಡುವಿನಿಂದ ತೂರುವ ಚಿತ್ರ ಇರಲಿಲ್ಲ.

"ಮೌಲಾಸಾಬ, ಇದು ಹಮಾಲಿ ಅಲ್ಲಪಾ, ಆಟ. ಸರಿಯಾಗಿ ಒಗಿ."

ಎಲ್ಲರೂ ನಕ್ಕರು. ಅವನೂ ನಕ್ಕ. ನಾನು ತೋರಿಸಿದಂತೆ ಎದೆಯ ಮುಂದಿನಿಂದ ಎಸೆದ. ಚೆಂಡು ಹಲಗೆಗೆ ಬಡಿದು ಬಸ್ ಸ್ಟ್ಯಾಂಡಿನ ತನಕ ಹೋಯಿತು. ಅಂದಿನಿಂದ ಆರು ವರ್ಷ ಅವನನ್ನು ಬೆಂಚಿನ ಮೇಲೆ ಕೂರಿಸಿದೆ. ಈ ಕೆಲಸಕ್ಕೆ ಹೊಸದಾಗಿ ಬಂದವರು ಇದನ್ನು ಎರಡು ಸಲ ಓದಬೇಕು. ಚೆಂಡು ರಿಂಗಿನೊಳಗೆ ಬಿದ್ದಿತ್ತು. ಕಣ್ಣಾರೆ ನೋಡಿದ್ದೆ. ನೋಡಿಯೂ ಸೀಟಿ ಊದಿದೆ. ಎಲ್ಲರ ಮುಂದೆ ಆಡಿದ ಆ ಹಮಾಲಿಯ ಮಾತಿಗಾಗಿ ನನಗೆ ಈಗಲೂ ನಾಚಿಕೆಯಾಗುತ್ತದೆ.

ಹಾನಗಲ್ಲು, ಶಿಗ್ಗಾವಿ, ಹಿರೇಕೆರೂರು, ಸವಣೂರು. ಪ್ರತಿ ಚಳಿಗಾಲ ಈ ನಾಲ್ಕು ಊರುಗಳ ತಂಡಗಳು ಒಂದರ ವಿರುದ್ಧ ಒಂದು ಆಡುತ್ತಿದ್ದವು. ನಾವು ಎಲ್ಲ ಕಡೆ ಸೋತೆವು. ಹಿರೇಕೆರೂರಿನಲ್ಲಿ ಸಂತೆಯ ದಿನ ಸೋತೆವು, ಹತ್ತಿ ಗಾಡಿಗಳ ಮೇಲೆ ಹತ್ತಿ ಕುಳಿತ ಜನ ಪ್ರತಿ ತಪ್ಪಿಗೂ ಕೇಕೆ ಹಾಕಿದರು. ಶಿಗ್ಗಾವಿಯಲ್ಲಿ ನಮ್ಮ ದರ್ಜಿ ಚೆಂಡನ್ನು ಕಂಕುಳಲ್ಲಿ ಒತ್ತಿ, ಉಸಿರು ಹಿಡಿದು, ಕಬಡ್ಡಿಯ ಗುಂಗಿನಲ್ಲಿ ಇಬ್ಬರನ್ನು ಮುಟ್ಟಿ ಹಿಂದಕ್ಕೆ ಓಡಿಬಂದ. ಗೆದ್ದೆ ಎಂದುಕೊಂಡಿದ್ದ. ಹಾನಗಲ್ಲಿನಲ್ಲಿ ಸೋತದ್ದನ್ನು ಬರೆಯುವುದಿಲ್ಲ, ಅಷ್ಟು ಕಾಗದ ನನ್ನ ಬಳಿ ಇಲ್ಲ.

ಪ್ರತಿ ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಆಚಾರ್ಯರು ಕೊಡೆ ಊರಿಕೊಂಡು ನನ್ನ ಎದುರಿಗೆ ನಿಲ್ಲುತ್ತಿದ್ದರು.

"ಎಷ್ಟರಾಗ ಸೋತ್ರಿ, ಮಾಸ್ತರ?"

ಗೆದ್ದಿರೋ ಸೋತಿರೋ ಎಂದು ಅವರು ಒಮ್ಮೆಯೂ ಕೇಳಲಿಲ್ಲ. ಎಷ್ಟರಲ್ಲಿ ಎಂದಷ್ಟೇ. ನಾನು ಹೇಳುತ್ತಿದ್ದೆ. ಅವರು "ಹೂಂ" ಎನ್ನುತ್ತಿದ್ದರು. ಆ "ಹೂಂ" ಬೆತ್ತಕ್ಕಿಂತ ಚುರುಕಾಗಿ ಬೀಳುತ್ತಿತ್ತು.

ಆರನೆಯ ವರ್ಷ ಸಾವ್ಕಾರರ ತಾಳ್ಮೆ ಹರಿಯಿತು. ಅದಕ್ಕೆ ಕಾರಣ ಆಟವಲ್ಲ, ಬೀಗರು. ಸಾವ್ಕಾರರು ಮಗಳನ್ನು ಹಾನಗಲ್ಲಿಗೆ ಕೊಟ್ಟಿದ್ದರು. ಅಲ್ಲಿಗೆ ಹೋದಾಗಲೆಲ್ಲ ಬೀಗರು ಹೋಳಿಗೆ ಬಡಿಸುತ್ತಾ, ಮೇಲೆ ತುಪ್ಪ ಹಾಕುತ್ತಾ, ಕಳೆದ ಪಂದ್ಯದ ಲೆಕ್ಕ ನಿಧಾನವಾಗಿ ಹೇಳುತ್ತಿದ್ದರಂತೆ. ಹೋಳಿಗೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಒಂದು ದಿನ ಅವರು ಹಾನಗಲ್ಲಿನಿಂದ ಬಂದವರು ಮನೆಗೂ ಹೋಗದೆ ನೇರ ಮೈದಾನಕ್ಕೆ ಬಂದರು.

"ಮಾಸ್ತರ, ನಿಮಗ ಇನ್ನ ಒಂದ ವರ್ಸ ಕೊಟ್ಟೇನಿ. ನಾಲ್ಕೂರಾಗ ಮೊದಲ ಬರ್ರಿ. ಇಲ್ಲಾಂದ್ರ ಈ ಎರಡೂ ಕಂಬ ಕಿತ್ತು ಬಣವಿ ಒಟ್ಟತೇನಿ. ದನಕ್ಕರ ಉಪಯೋಗ ಆಗ್ತೈತಿ."

ಅವರ ದನಿಯಲ್ಲಿ ತಮಾಷೆ ಇರಲಿಲ್ಲ. ಆ ಕಂಬಗಳು ಹೋದರೆ ಊರಲ್ಲಿ ಈ ಆಟ ಮುಗಿದಂತೆ. ಬೇರೆ ಜಾಗ ಕೊಡುವವರು ಯಾರೂ ಇರಲಿಲ್ಲ, ಆರು ವರ್ಷ ಸೋತವನು ಯಾವ ಬಾಯಿಂದ ಕೇಳಿಯಾನು? ನನಗಂತೂ ಆ ಕಂಬಗಳ ಮೇಲೆ ಅಷ್ಟು ಹೊತ್ತಿಗೆ ಮನೆಯ ಬಾಗಿಲಿನಷ್ಟೇ ಮೋಹ ಬೆಳೆದಿತ್ತು.

ಅದೇ ವಾರ ಇನ್ನೊಂದು ಪೆಟ್ಟು. ಶಿಗ್ಗಾವಿ ತಂಡದ ನಾಯಕ ರಸ್ತೆ ಕೆಲಸದ ಮೇಸ್ತ್ರಿ. ಯಾವುದೋ ಅಳತೆಗೆಂದು ಸವಣೂರಿಗೆ ಬಂದಿದ್ದವನು ನಮ್ಮ ಮೈದಾನ ನೋಡಲು ಬಂದ. ರಿಂಗಿನ ಕೆಳಗೆ ನಿಂತು ಮೇಲೆ ನೋಡಿದ. ತಲೆ ಕೆರೆದುಕೊಂಡ. ಜೇಬಿನಿಂದ ಟೇಪು ತೆಗೆದ.

"ಮಾಸ್ತರ, ಸಿಟ್ಟಾಗಬ್ಯಾಡ್ರಿ. ನಿಮ್ಮ ರಿಂಗು ಹತ್ತು ಫೂಟ್ ಇಲ್ರಿ. ಮುಕ್ಕಾಲು ಫೂಟ್ ಕಮ್ಮಿ ಐತಿ."

ನಾನು ನಂಬಲಿಲ್ಲ. ನಾನೇ ನಿಂತು ಅಳೆದು ಕಟ್ಟಿಸಿದ್ದೆ. ಮತ್ತೆ ಅಳೆದೆವು. ಮುಕ್ಕಾಲು ಅಡಿ ಕಡಿಮೆಯೇ. ರಿಂಗು ಇಳಿದಿರಲಿಲ್ಲ, ನೆಲ ಏರಿತ್ತು! ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಕೆಸರಾಗಬಾರದೆಂದು ನಾವು ಭಕ್ತಿಯಿಂದ ಗಾಡಿಗಟ್ಟಲೆ ಗರಸು ಮಣ್ಣು ತಂದು ಹಾಸಿ, ರೂಲುಗಲ್ಲು ಉರುಳಿಸುತ್ತಿದ್ದೆವು. ಆರು ವರ್ಷದ ಗರಸು ಪಾದದ ಕೆಳಗೆ ಬೆಳೆಯುತ್ತಾ ಹೋಗಿತ್ತು. ನಮ್ಮವರು ತಗ್ಗಿನ ರಿಂಗಿಗೆ ಕೈ ಹೊಂದಿಸಿಕೊಂಡು ಪರ ಊರಿಗೆ ಹೋಗಿ ಎಸೆದರೆ ಚೆಂಡು ರಿಂಗಿನ ಮೂಗಿಗೆ ತಾಗಿ ವಾಪಸು ಬರುತ್ತಿತ್ತು. ನಾನು ಅದನ್ನು ಅಂಜಿಕೆ ಎಂದುಕೊಂಡು, ಬಸ್ಸಿನಲ್ಲಿ ವಾಪಸು ಬರುವಾಗ ಧೈರ್ಯದ ಮೇಲೆ ಭಾಷಣ ಮಾಡುತ್ತಿದ್ದೆ! ಮಕ್ಕಳೇ, ಭಾಷಣ ಮಾಡುವ ಮೊದಲು ಟೇಪು ಹಿಡಿಯಿರಿ.

ರಿಂಗು ಎತ್ತರಿಸಿದೆವು. ಪರಿಣಾಮವೇನಾಯಿತೆಂದರೆ, ಇದುವರೆಗೆ ಪರ ಊರಲ್ಲಿ ಮಾತ್ರ ತಪ್ಪುತ್ತಿದ್ದವರು ಈಗ ನಮ್ಮೂರಲ್ಲೂ ತಪ್ಪತೊಡಗಿದರು. ಜೋರಾಗಿ ಎಸೆದರೆ ಗಾಲಿಪಟ್ಟಿಯ ಆ ಬಿರುಸು ರಿಂಗು ಚೆಂಡನ್ನು ಉಗುಳುತ್ತಿತ್ತು. ಶಂಕ್ರಪ್ಪ ಕಡಲೆಹಿಟ್ಟಿನ ಕೈಯಿಂದ ಹಣೆ ಒರೆಸಿಕೊಂಡು, "ಮಾಸ್ತರ, ಬಣವಿಗೆ ಕಣಿಕಿ ಎಲ್ಲಿಂದ ತರಸ್ತಾರಂತ?" ಎಂದು ಕೇಳಿದ. ಹಣೆಯೆಲ್ಲ ಹಳದಿ, ಮುಖದಲ್ಲಿ ಸೋತ ಕಳೆ.

ಮಾರನೆಯ ಬೆಳಿಗ್ಗೆ ಏನೋ ಕೆಲಸಕ್ಕೆ ಹುಬ್ಬಳ್ಳಿಗೆ ಹೋಗಬೇಕೆಂದು ಬಸ್ ಸ್ಟ್ಯಾಂಡಿಗೆ ಬಂದೆ. ಮೌಲಾಸಾಬ ಎಲೆಕಟ್ಟು ಏರಿಸುತ್ತಿದ್ದ. ಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು, ಮೊಣಕಾಲ ನಡುವೆ ಇಳಿಸಿ, ಮೇಲಕ್ಕೆ. "ಒಗಿ!" ಎನ್ನುತ್ತಿದ್ದ ಹನುಮಂತ. ಕಟ್ಟು ಗಾಳಿಯಲ್ಲಿ ಎತ್ತರಕ್ಕೆ ಹೋಗಿ, ಅಲ್ಲಿ ಒಂದು ಗಳಿಗೆ ನಿಂತು, ದಣಿದವರು ಹಾಸಿಗೆಗೆ ಬೀಳುವಂತೆ ಅವನ ಕೈಗೆ ಬೀಳುತ್ತಿತ್ತು. ಹನುಮಂತ ಕೈ ಆಚೀಚೆ ಸರಿಸುತ್ತಿರಲಿಲ್ಲ. ಒಮ್ಮೆಯಂತೂ ಯಾರದೋ ಜೊತೆ ಮಾತಾಡುತ್ತಾ, ಆ ಕಡೆ ಮುಖ ಮಾಡಿಯೇ ಹಿಡಿದ. ಒಂದು, ಎರಡು, ಹತ್ತು, ಇಪ್ಪತ್ತು. ಒಂದೂ ತಪ್ಪಲಿಲ್ಲ. ನಾನು ಚೀಲ ಕೆಳಗಿಟ್ಟು ಹತ್ತಿರ ಹೋದೆ.

"ಮೌಲಾಸಾಬ, ಇಷ್ಟ ಮೆತ್ತಗ ಯಾಕ ಒಗೀತಿ?"

ಅವನು ನನ್ನನ್ನು ವಿಚಿತ್ರವಾಗಿ ನೋಡಿದ. "ಎಲಿ ನೋಯಬಾರದಲ್ರಿ ಮಾಸ್ತರ. ಬಿರುಸ ಒಗದ್ರ ಹುಬ್ಬಳ್ಳಿ ಮುಟ್ಟೂದ್ರಾಗ ಕರ್ರಗ ಆಗ್ತಾವು. ಕೈಗೆ ಬಿದ್ದದ್ದು ಹಿಡಿಯೋನಿಗೆ ಗೊತ್ತಾಗಬಾರದು, ಹಂಗ ಒಗೀಬೇಕ್ರಿ."

"ಬಸ್ಸಿನ ಟಾಪು ಎಷ್ಟು ಎತ್ತರ ಅದ?"

"ಅಳದಿಲ್ರಿ. ಒಗದೇನಿ ಅಷ್ಟ."

ಬಸ್ಸು ಹೋಯಿತು. ನಾನು ಹೋಗಲಿಲ್ಲ. ಅವನ ತೋಳು ಹಿಡಿದು ಪಕ್ಕದ ಮೈದಾನಕ್ಕೆ ಎಳೆದುಕೊಂಡು ಬಂದು ಚೆಂಡು ಕೊಟ್ಟೆ. ಅವನು ಪಾಪ, ಎದೆಯ ಮುಂದೆ ಹಿಡಿದ. ಆರು ವರ್ಷ ಕಲಿಸಿದ್ದೆನಲ್ಲ!

"ಹಂಗಲ್ಲೋ ಮಾರಾಯಾ. ಎಲಿ ಒಗದಂಗ ಒಗಿ. ಮ್ಯಾಲೆ ಹನುಮಂತ ನಿಂತಾನಂತ ತಿಳಿ."

ಚೆಂಡು ಮೇಲೆ ಹೋಯಿತು. ನಿಂತಿತು. ಇಳಿಯಿತು. ರಿಂಗಿನ ಅಂಚಿಗೆ ತಾಗಿತು. ಉಗುಳಲಿಲ್ಲ. ಮೆಲ್ಲಗೆ ಹೊರಳಿ ಒಳಗೆ ಬಿತ್ತು. ಮತ್ತೆ ಒಗೆದ, ಮತ್ತೆ ಬಿತ್ತು. ಹತ್ತರಲ್ಲಿ ಒಂಬತ್ತು ಬಿದ್ದವು. ನಾನು ಕುಣಿದೆ. ನಿಜವಾಗಿಯೂ ಕುಣಿದೆ, ಪ್ಯಾಂಟು ಹಾಕಿಕೊಂಡ ಸರಕಾರಿ ಮನುಷ್ಯ, ಬೆಳಗಿನ ಬಿಸಿಲಲ್ಲಿ. ಆಮೇಲೆ ಆ ಹಳೆಯ ಮಾತು ನೆನಪಾಗಿ ನಿಂತುಬಿಟ್ಟೆ.

"ಮೌಲಾಸಾಬ, ತಪ್ಪು ನಂದು. ಮೊದಲ ದಿನ ನೀನ ಸರಿ ಒಗದಿದ್ದಿ. ಎಲ್ಲಾರ ಮುಂದ ಹಂಗ ಅನಬಾರದಿತ್ತು."

ಅವನು ಚೆಂಡನ್ನು ಅಂಗಿಯಿಂದ ಒರೆಸುತ್ತಾ ಅಂದ: "ಇರ್ಲಿ ಬಿಡ್ರಿ. ಕುಂತು ಕುಂತು ಮೂರು ಚಣ್ಣಾ ಹರದಾವು, ಅದೊಂದ ಲುಕ್ಸಾನು."

ಅಂದು ಸಂಜೆ ನಾನು ಪುಸ್ತಕವನ್ನು ಟ್ರಂಕಿನ ತಳಕ್ಕೆ ಹಾಕಿ ಮೇಲೆ ಕಂಬಳಿ ಹೊದಿಸಿದೆ. ಮರುದಿನದಿಂದ ನಮ್ಮ ತರಬೇತಿ ಬಸ್ ಸ್ಟ್ಯಾಂಡಿನಲ್ಲಿ. ಗುರು ಮೌಲಾಸಾಬ. ಬೆಳಗಿನ ಬಸ್ಸಿಗೆ ತಂಡವೆಲ್ಲ ಸಾಲಾಗಿ ನಿಂತು ಎಲೆಕಟ್ಟು ಒಗೆಯುವುದು. ಒಂದು ಕಟ್ಟು ಬಿರುಸಾಗಿ ಹೋದರೂ ಮೇಲಿಂದ ಹನುಮಂತ, "ಯಾರಂವಾ, ಎಲಿ ಕೊಂದಂವಾ?" ಎಂದು ಕೂಗುತ್ತಿದ್ದ. ಎಲೆ ತೋಟದ ಅಣ್ಣತಮ್ಮಂದಿರು ತಮ್ಮದೇ ಎಲೆ ಬೇರೆಯವರ ಕೈಯಲ್ಲಿ ಬಾಡುವುದನ್ನು ನೋಡಲಾರದೆ ಎಲ್ಲರಿಗಿಂತ ಬೇಗ ಕಲಿತರು. ಕಂಡಕ್ಟರು ಟಿಕೆಟು ಹರಿಯುವುದು ಬಿಟ್ಟು ನೋಡುತ್ತಿದ್ದ. ಮೂರನೆಯ ದಿನಕ್ಕೆ ಸುದ್ದಿ ಆಚಾರ್ಯರಿಗೆ ಮುಟ್ಟಿತು. ಕರೆ ಬಂತು.

"ಮಾಸ್ತರ, ನೀವು ಬಸ್ ಸ್ಟ್ಯಾಂಡಿನಾಗ ಹಮಾಲಿ ಮಾಡ್ಲಿಕ್ಹತ್ತೀರಂತ. ಪಗಾರ ಸಾಲವಲ್ದೇನ್ರಿ?"

"ಹಮಾಲಿ ಅಲ್ರಿ ಸರ್, ತರಬೇತಿ."

"ಯಾರಿಗೆ?"

"ನನಗರೀ ಸರ್."

ಅವರು "ಹೂಂ" ಎಂದರು. ಈ ಸಲದ ಹೂಂ ಸ್ವಲ್ಪ ಬೇರೆ ಥರ ಇತ್ತು. ಗದರಿಸಲಿಲ್ಲ, ಬೇಡ ಎನ್ನಲೂ ಇಲ್ಲ.

ಚಳಿಗಾಲ ಬಂತು. ಮೊದಲ ಪಂದ್ಯ ಶಿಗ್ಗಾವಿಯಲ್ಲಿ. ಮೌಲಾಸಾಬ ಮೊಣಕಾಲ ನಡುವೆ ಚೆಂಡು ಇಳಿಸಿದೊಡನೆ ಜನ ಹೊಟ್ಟೆ ಹಿಡಿದು ನಕ್ಕರು. "ಮುದುಕಿ ಕಸಾ ಚೆಲ್ಲಾಕತ್ತಾಳ ನೋಡ್ರೋ!" ಎಂದು ಒಬ್ಬ ಕೂಗಿದ. ಕಸ ರಿಂಗಿನೊಳಗೆ ಬಿತ್ತು. ಮತ್ತೆ ಬಿತ್ತು. ಐದನೆಯ ಸಲಕ್ಕೆ ನಗುವವರು ಕಡಿಮೆಯಾದರು. ಹತ್ತನೆಯ ಸಲಕ್ಕೆ ನಮ್ಮವರು ಆರೇಳು ಜನ ಬಿಟ್ಟರೆ ಯಾರೂ ಬಾಯಿ ಬಿಡಲಿಲ್ಲ. ಗೆದ್ದೆವು! ಗೆದ್ದ ಮೇಲೆ ಏನು ಮಾಡಬೇಕೆಂದು ನಮಗೆ ಗೊತ್ತಿರಲಿಲ್ಲ, ರೂಢಿ ಇರಲಿಲ್ಲವಲ್ಲ. ಪದ್ಧತಿಯಂತೆ ತಲೆ ತಗ್ಗಿಸಿಕೊಂಡೇ ಬಸ್ಸು ಹತ್ತಿದೆವು. ಅರ್ಧ ದಾರಿಯಲ್ಲಿ ಶಂಕ್ರಪ್ಪ ತಟ್ಟನೆ ಎದ್ದು, "ಏ, ನಾವು ಗೆದ್ದೇವಲ್ರೋ!" ಎಂದ. ಆಮೇಲೆ ಬಸ್ಸು ಸವಣೂರು ಮುಟ್ಟುವವರೆಗೆ ನಿಲ್ಲದ ಗದ್ದಲ.

ಹಿರೇಕೆರೂರಿನಲ್ಲೂ ಗೆದ್ದೆವು. ಹತ್ತಿ ಗಾಡಿಗಳ ಮೇಲಿದ್ದ ಜನ ಕೊನೆಗೆ ನಮ್ಮ ಕಡೆಗೇ ಕೇಕೆ ಹಾಕಿದರು. ಆ ಸಂಭ್ರಮದಲ್ಲಿ ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿ ಬಸ್ಸು ಹತ್ತಿ ಊರಿಗೆ ಬಂದು ಇಳಿದಾಗ ಗೊತ್ತಾಯಿತು, ಚೆಂಡನ್ನೇ ಅಲ್ಲಿ ಬಿಟ್ಟು ಬಂದಿದ್ದೆವು. ಮರುದಿನ ಬಸ್ಸಿನ ಮುಂದಿನ ಸೀಟಿನಲ್ಲಿ ಒಂಟಿಯಾಗಿ ಕುಳಿತು ಚೆಂಡು ಬಂತು. ಕಂಡಕ್ಟರು ಅದನ್ನು ಯಾರಿಗೂ ಮುಟ್ಟಗೊಟ್ಟಿರಲಿಲ್ಲ. ಏಳು ವರ್ಷದಲ್ಲಿ ಆ ಚೆಂಡಿಗೆ ಸಿಕ್ಕ ಮೊದಲ ಮರ್ಯಾದೆ ಅದು.

ಇನ್ನು ಉಳಿದದ್ದು ಹಾನಗಲ್ಲು, ನಮ್ಮೂರ ಮೈದಾನದಲ್ಲಿ. ಅವರೂ ಇಬ್ಬರನ್ನು ಸೋಲಿಸಿದ್ದರು. ಗೆದ್ದವರು ಮೊದಲು. ನಾವು ಸೋತರೆ ಕಂಬಗಳಿಗೆ ಅದೇ ಕೊನೆಯ ದಿನ. ಸಾವ್ಕಾರರು ಮಾತು ಮರೆತಿರಲಿಲ್ಲ. ಅಂದು ಮಧ್ಯಾಹ್ನವೇ ಮೈದಾನದ ಮೂಲೆಯಲ್ಲಿ ಎರಡು ಗಾಡಿ ಕಣಿಕೆ ಬಂದು ನಿಂತಿತ್ತು. ಅದನ್ನು ನೋಡಿದ ಶಂಕ್ರಪ್ಪ ಅರ್ಧ ಸೇರು ಕಡಲೆಹಿಟ್ಟು ಕೈಗೆ ಸುರುವಿಕೊಂಡ.

ಮೂರು ಗಂಟೆಗೆ ಶುರುವಾಗಬೇಕಿದ್ದ ಆಟ ಶುರುವಾದದ್ದು ನಾಲ್ಕರ ಮೇಲೆ. ಹಾನಗಲ್ಲಿನವರ ಲಾರಿ ಬಂಕಾಪುರದ ಹತ್ತಿರ ಪಂಕ್ಚರ್ ಆಗಿತ್ತು. ಅದೇ ಲಾರಿಯಲ್ಲಿ ಸಾವ್ಕಾರರ ಬೀಗರೂ ರುಮಾಲು ಸುತ್ತಿಕೊಂಡು ಬಂದು ಇಳಿದರು. "ಬರ್ರಿ ಬೀಗರ, ಕೂಡ್ರಿ," ಎಂದು ಸಾವ್ಕಾರರು ಕುರ್ಚಿ ಹಾಕಿಸಿದರು. ದನಿಯಲ್ಲಿ ಸಕ್ಕರೆ, ಕಣ್ಣಲ್ಲಿ ಬೆಂಕಿ. ಆಚೆ ರಸ್ತೆಯ ಅಂಚಿನಲ್ಲಿ ಕೊಡೆ ಬಿಚ್ಚಿಕೊಂಡು ಆಚಾರ್ಯರು ನಿಂತಿದ್ದರು. ನನ್ನ ಕಣ್ಣು ತಾಗಿದಾಗ ಬಸ್ಸು ಕಾಯುವವರಂತೆ ಬೇರೆ ಕಡೆ ನೋಡಿದರು.

ಆಟ ಸಮಸಮ ನಡೆಯಿತು. ಅವರು ಹಾಕಿದರೆ ನಾವು ಹಾಕಿದೆವು. ಹಾನಗಲ್ಲಿನವರು ಮೌಲಾಸಾಬನ ಸುದ್ದಿ ಕೇಳಿದ್ದರು, ಇಬ್ಬಿಬ್ಬರು ಅವನನ್ನು ಸುತ್ತಿಕೊಂಡಿದ್ದರು. ಇನ್ನು ಕೆಲವೇ ನಿಮಿಷಗಳಿವೆ ಎನ್ನುವಾಗ ಪಕ್ಕದಲ್ಲಿ ಹಾರ್ನು ಕೇಳಿಸಿತು. ಐದು ಗಂಟೆಯ ಹುಬ್ಬಳ್ಳಿ ಬಸ್ಸು. ಮೌಲಾಸಾಬ ಆಡುವುದು ಬಿಟ್ಟು ಆ ಕಡೆ ನೋಡಿದ. ನಾನು ಆಟ ನಿಲ್ಲಿಸಲು ಕೇಳಿಕೊಂಡೆ. ಅವನು ಓಡಿ ಬಂದ.

"ಮಾಸ್ತರ, ನಾ ಹೋಗಬೇಕ್ರಿ. ಇವತ್ತು ಎಲಿ ಹೋಗಲಿಲ್ಲಾಂದ್ರ ನಾಳಿಗೆ ಬಾಡತಾವು. ತೋಟದವರು ನನ್ನ ನಂಬಿ ಕಟ್ಟು ಇಟ್ಟು ಹೋಗ್ಯಾರ."

"ಐದ ನಿಮಿಷ, ಮೌಲಾಸಾಬ!"

"ಬಸ್ಸು ನಿಲ್ಲಾಂಗಿಲ್ರಿ."

ಅವನನ್ನು ಹಿಡಿದಿಡಲು ನನಗೆ ಯಾವ ಹಕ್ಕಿತ್ತು? ಆರು ವರ್ಷ ಬೆಂಚಿನ ಮೇಲೆ ಕೂರಿಸಿದವನು ನಾನು. "ಹೋಗಪಾ," ಎಂದುಬಿಟ್ಟೆ. ಸಾವ್ಕಾರರು ಕುರ್ಚಿಯಿಂದ ಎದ್ದು ನಿಂತಿದ್ದರು. ಆ ಕಟ್ಟುಗಳಲ್ಲಿ ಅರ್ಧ ಅವರ ತೋಟದವೇ. ಎಲೆ ಉಳಿಸಬೇಕೋ ಬೀಗರನ್ನು ಸೋಲಿಸಬೇಕೋ ತಿಳಿಯದೆ ಬಾಯಿ ತೆರೆಯುತ್ತಿದ್ದರು, ಮುಚ್ಚುತ್ತಿದ್ದರು.

ಆಗ ರಸ್ತೆಯಂಚಿನಿಂದ ಪ್ರಾರ್ಥನೆಯ ಹೊತ್ತಿಗೆ ಇಡೀ ಶಾಲೆಗೆ ಕೇಳಿಸುವ ಆ ದನಿ ಬಂತು.

"ಮೌಲಾಸಾಬ, ನೀ ಆಡು. ಎಲಿ ನಾ ಒಗೀತೇನಿ."

ಆಚಾರ್ಯರು! ಕೊಡೆ ಮಡಚಿ ಯಾರದೋ ಕೈಗೆ ಕೊಟ್ಟರು. ಧೋತರದ ಕಚ್ಚೆ ಬಿಗಿ ಮಾಡಿದರು. ಬಸ್ಸಿನ ಹತ್ತಿರ ಹೋಗಿ ಒಂದು ಕಟ್ಟು ಎತ್ತಿ ಮೇಲಕ್ಕೆ ಒಗೆದೇಬಿಟ್ಟರು. ಅದು ಹನುಮಂತನ ಎದೆಗೆ ಬಡಿಯಿತು. ಎರಡನೆಯದು ಬಸ್ಸಿನ ಆಚೆ ಬದಿಗೆ ಬಿತ್ತು.

"ಎಲಿ ನೋಯ್ತಾವ್ರೀ ಆಚಾರ್ರ!" ಎಂದು ಸಾವ್ಕಾರರು ಚೀರಿದರು.

"ನೋಯಲಿ ಬಿಡ್ರಿ ಒಂದ ದಿನ!" ಎಂದು ಆಚಾರ್ಯರು ಇನ್ನೂ ಜೋರಾಗಿ ಚೀರಿದರು.

ಪ್ರಯಾಣಿಕರೂ ಇಳಿದು ಕೈ ಹಚ್ಚಿದರು. ಇತ್ತ ಆಟ ಮತ್ತೆ ಶುರುವಾಯಿತು. ಅರ್ಧ ಜನ ಚೆಂಡು ನೋಡುತ್ತಿದ್ದರು, ಅರ್ಧ ಜನ ಹೆಡ್‌ಮಾಸ್ತರರನ್ನು. ಕೊನೆಯ ಗಳಿಗೆಯಲ್ಲಿ ನಾವು ಒಂದು ಅಂಕ ಹಿಂದಿದ್ದೆವು. ಮೌಲಾಸಾಬ ಚೆಂಡು ಒಗೆಯಲು ಬಗ್ಗಿದಾಗ ಹಾನಗಲ್ಲಿನವನೊಬ್ಬ ಅವನ ಮೇಲೆ ಬಿದ್ದ. ರೆಫರಿ ಸೀಟಿ ಊದಿದ. ಅವನಿಗೆ ಎರಡು ಸಲ ಒಗೆಯುವ ಅವಕಾಶ, ಯಾರೂ ಅಡ್ಡ ಬರುವಂತಿಲ್ಲ. ಅದರೊಂದಿಗೆ ಆಟ ಮುಗಿಯುತ್ತದೆ.

ಅವನು ಗೆರೆಯ ಹತ್ತಿರ ನಿಂತ. ಬಂಡಿಯ ಮೇಲಿನ ಕಣಿಕೆ ನೋಡಿದ, ನನ್ನನ್ನು ನೋಡಿದ. ಆಗ ಬಸ್ಸಿನ ಮೇಲಿಂದ ಹನುಮಂತ, ದಿನಾ ಕೂಗುವ ಹಾಗೆಯೇ ಎರಡೂ ಕೈ ಚಾಚಿ ಕೂಗಿದ.

"ಒಗಿ!"

ಮೌಲಾಸಾಬನ ಭುಜ ಸಡಿಲವಾಯಿತು. ಚೆಂಡು ಮೇಲೆ ಹೋಯಿತು, ನಿಂತಿತು, ಒಳಗೆ ಇಳಿಯಿತು. ಸಮ. "ಒಗಿ!" ಎಂದು ಈಗ ಇಡೀ ಬಸ್ಸು ಕೂಗಿತು. ಎರಡನೆಯದು ರಿಂಗಿನ ಅಂಚಿನ ಮೇಲೆ ಕೂತಿತು. ನನ್ನ ಉಸಿರು ಅಲ್ಲೇ ಕೂತಿತು. ಮೆಲ್ಲಗೆ ಹೊರಳಿ, ಯಾವ ಎಲೆಗೂ ನೋವಾಗದಂತೆ, ಒಳಗೆ ಬಿತ್ತು.

ಆಮೇಲೆ ಏನಾಯಿತೆಂದು ಸರಿಯಾಗಿ ಹೇಳಲಾರೆ. ಶಂಕ್ರಪ್ಪ ಉಳಿದ ಕಡಲೆಹಿಟ್ಟನ್ನೆಲ್ಲ ಗುಲಾಲಿನಂತೆ ಎರಚಿದ. ಸಾವ್ಕಾರರು ಬೀಗರನ್ನು ತಬ್ಬಿಕೊಂಡು, "ಹೋಳಿಗಿ ಉಂಡ ಹೋಗಬೇಕ್ರಿ, ಬಿಡಂಗಿಲ್ಲ," ಎಂದು ಅಳುತ್ತಾ ನಗುತ್ತಿದ್ದರು. ಊರಿನ ಗಂಡಸರು ರಿಂಗಿಗೆ ಜೋತುಬಿದ್ದರು. ಒಬ್ಬ, ಇಬ್ಬರು, ಐವರು. ಕಂಬ ಒಂದು ಸಲ ಕರ್ರ್ ಎಂದಿತು, ಬಾಗಿತು, ಹಲಗೆ ರಿಂಗಿನ ಸಮೇತ ನೆಲಕ್ಕೆ ಉರುಳಿತು. ಯಾರಿಗೂ ಪೆಟ್ಟಾಗಲಿಲ್ಲ. ಸೋತರೆ ಕೀಳಬೇಕೆಂದಿದ್ದ ಕಂಬವನ್ನು ಗೆದ್ದು ಕೆಡವಿದ್ದೆವು!

ಮರುದಿನ ಸೋಮವಾರ. ಶಾಲೆಗೆ ಹೋಗುವ ದಾರಿಯಲ್ಲಿ ಮೈದಾನ ನೋಡಿದರೆ ಸಾವ್ಕಾರರು ಇಬ್ಬರು ಆಳು, ಹಾರೆ, ಸಲಿಕೆಯೊಂದಿಗೆ ನಿಂತಿದ್ದರು. ಉಳಿದ ಕಂಬದ ಬುಡದಲ್ಲಿ ಒಬ್ಬ ಅಗೆಯುತ್ತಿದ್ದ. ನಾನು ಓಡಿದೆ.

"ಸಾವ್ಕಾರ, ನಾವು ಗೆದ್ದೇವಲ್ರಿ!"

"ಹಂಗ್ಯಾಕ ನೋಡ್ತೀರಿ? ಒಂದು ಬಿತ್ತು, ಇನ್ನೊಂದರ ಬುಡ ಗಟ್ಟಿ ಐತೇನು ಅಂತ ನೋಡಸಾಕತ್ತೇನಿ. ಕಣಿಕಿ ಬಂಡಿ ವಾಪಸ್ ಕಳಿಸೇನಿ. ಟೇಪ್ ತಂದೀರೇನು? ಈ ಸಲ ನೆಲದಿಂದ ಅಳೀರಿ, ಮತ್ತ ಮುಂದಿನ ವರ್ಸನೂ ಅಳೀರಿ."

ಕಂಬ ಎತ್ತಿದೆವು. ಮೌಲಾಸಾಬ ಭುಜ ಕೊಟ್ಟ. ನಾನು ಟೇಪು ಹಿಡಿದೆ, ಹತ್ತು ಅಡಿ, ಕೂದಲೆಳೆ ಹೆಚ್ಚಿಲ್ಲ ಕಡಿಮೆಯಿಲ್ಲ. ಅಷ್ಟರಲ್ಲಿ ಕೊಡೆ ಬಂತು, ಕೊಡೆಯ ಕೆಳಗೆ ಆಚಾರ್ಯರು. ಸ್ನಾನ ಮಾಡಿ, ಅಂಗಾರ ಅಕ್ಷತೆ ಇಟ್ಟುಕೊಂಡು ಶಾಲೆಗೆ ಹೊರಟವರು. ಕಂಬವನ್ನು ಮೇಲಿಂದ ಕೆಳಗೆ ನೋಡಿದರು.

"ನಾ ಒಗದ ಎಲಿ ಏನಾದ್ವೋ ಮೌಲಾಸಾಬ?"

"ಹುಬ್ಬಳ್ಳಿ ಮುಟ್ಟೂದ್ರಾಗ ಎಲ್ಲಾ ಕರ್ರಗಾಗಿದ್ವಂತ್ರಿ," ಎಂದ ಮೌಲಾಸಾಬ, ತಲೆ ತಗ್ಗಿಸಿ ನಗು ತಡೆದುಕೊಳ್ಳುತ್ತಾ. ಸಾವ್ಕಾರರು ಮಾತ್ರ ತಡೆದುಕೊಳ್ಳಲಿಲ್ಲ.

ಆಚಾರ್ಯರು ಕೊಡೆ ಮಡಚಿ ನನ್ನ ಕೈಗೆ ಕೊಟ್ಟರು. "ಮನಿಗೆ ಹೋಗಿ ಇನ್ನೊಮ್ಮೆ ಸ್ನಾನ ಮಾಡಿದ್ರಾತು," ಎಂದು ತಮಗೆ ತಾವೇ ಹೇಳಿಕೊಂಡು ಎರಡೂ ಕೈ ಮುಂದೆ ಚಾಚಿದರು. "ಹೆಂಗ ಒಗೀಬೇಕು, ತೋರಿಸಪಾ."

ಮೌಲಾಸಾಬ ಚೆಂಡನ್ನು ಅಂಗಿಯಿಂದ ಚೆನ್ನಾಗಿ ಒರೆಸಿ ಅವರ ಕೈಯಲ್ಲಿಟ್ಟ. ಮೊಣಕಾಲು ಬಗ್ಗಿಸುವುದನ್ನು ತೋರಿಸಿದ. ಅವರು ಬಗ್ಗಿದರು, ಕಣ್ಣು ಮುಚ್ಚಿದರು, ಒಗೆದರು. ಚೆಂಡು ರಿಂಗಿಗೆ ಬಡಿದು, ಹಲಗೆಗೆ ಬಡಿದು, ಸಾವ್ಕಾರರ ರುಮಾಲು ಕೆಡವಿ, ಬಸ್ ಸ್ಟ್ಯಾಂಡಿನ ಕಡೆಗೆ ಉರುಳಿತು.

ನಾನು ಅವರದೇ ಕೊಡೆಯನ್ನು ನೆಲಕ್ಕೆ ಊರಿಕೊಂಡು, ನೆಟ್ಟಗೆ ನಿಂತು ಕೇಳಿದೆ:

"ಎಷ್ಟರಾಗ ಸೋತ್ರಿ, ಸರ್?"